ಕಪ್ಪಂಗಿಗಳ ದಂಡಯಾತ್ರೆ, 2012

ಬ್ಯಾರಿಕೇಡ್ ಮುರಿದುಬಿತ್ತು.

2011ರ ಅಕ್ಟೋಬರ್ 28. ದೆಹಲಿ ಪಕ್ಕದ ಗುಡಗಾಂವ್. ಮೆಟಾಲಿಕಾ ಭಾರತದ ನೆಲದಲ್ಲಿ ಮೊಟ್ಟಮೊದಲ ಸಲ ನುಡಿಸಬೇಕಿದ್ದ ಸಂಜೆ. ಜನ ಕಾದರು, ಕೂಗಿದರು, ಮತ್ತೆ ಕಾದರು. ಬ್ಯಾಂಡು ಬರಲಿಲ್ಲ. ಶೋ ನಾಳೆಗೆ ಎಂದರು, ಆಮೇಲೆ ರದ್ದು ಎಂದರು. ರೊಚ್ಚಿಗೆದ್ದವರು ವೇದಿಕೆಗೆ ನುಗ್ಗಿದರು. ಸಿಕ್ಕಿದ್ದನ್ನು ಕೆಡವಿದರು.

ಮುಂದಿನ ಸರದಿ ಬೆಂಗಳೂರಿನದು. 30ರ ಭಾನುವಾರ, ಅರಮನೆ ಮೈದಾನ. ನಡುವೆ ಉಳಿದದ್ದು ಒಂದೇ ದಿನ. ನಂದಿನಿ ಲೇಔಟಿನಲ್ಲಿ ಟಿಕೆಟು ಮುಷ್ಟಿಯಲ್ಲಿಟ್ಟುಕೊಂಡು ಕೂತಿದ್ದ ನಮಗೆ ನಿದ್ದೆ ಹಾರಿಹೋಯಿತು. ಇಲ್ಲೂ ಮುರಿದರೆ?

ಮುರಿಯಲಿಲ್ಲ. ಮಳೆ ಮಾತ್ರ ತನ್ನ ಕೈಲಾದ್ದನ್ನು ಮಾಡಿತ್ತು. ಮೈದಾನ ಕೆಸರು. ಹೆಜ್ಜೆಯಿಟ್ಟರೆ ಶೂ ಹೂತುಕೊಳ್ಳುತ್ತದೆ, ಎತ್ತಿದರೆ ಕಾಲಷ್ಟೇ ಬರುತ್ತದೆ. ದೆಹಲಿಯಲ್ಲಿ ಎದೆಯೊಡೆದುಕೊಂಡವರು ಸಿಕ್ಕ ವಿಮಾನ ಹತ್ತಿ ಬಂದು ಅದೇ ಕೆಸರಿಗೆ ಇಳಿದರು. ಬೆಂಗಳೂರಿನದೇ ಹುಡುಗರ ಇನ್ನರ್ ಸ್ಯಾಂಕ್ಟಮ್ ನೆಲ ಹದ ಮಾಡಿತು. ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ನುಡಿಸಿ ಇಳಿಯಿತು. ದೀಪ ಆರಿತು. 'ಕ್ರೀಪಿಂಗ್ ಡೆತ್'ನ ಮೊದಲ ರಿಫ್ ಅಪ್ಪಳಿಸಿತು. ಮೈದಾನವಿಡೀ ಒಮ್ಮೆಲೇ ಜಿಗಿಯಿತು, ಕೆಸರು ಮುಖಕ್ಕೆ ಹಾರಿತು, ಯಾರೂ ಒರೆಸಿಕೊಳ್ಳಲಿಲ್ಲ.

ಆ ರಾತ್ರಿ ನಲ್ಲಿಯ ಕೆಳಗೆ ಪ್ಯಾಂಟು ತೊಳೆಯುತ್ತಿದ್ದವರಿಗೆ ಗೊತ್ತಿರಲಿಲ್ಲ, ಅಸಲಿ ವರ್ಷ ಇನ್ನೂ ಶುರುವೇ ಆಗಿಲ್ಲವೆಂದು.

ನೇರವಾಗಿ ಹೇಳುತ್ತೇನೆ. ಕರ್ನಾಟಕದ ಹೆವಿ ಮೆಟಲ್ ಚರಿತ್ರೆಯಲ್ಲಿ 2012ಕ್ಕೆ ಸಮನಾದ ವರ್ಷ ಇನ್ನೊಂದಿಲ್ಲ. ಬಾಗಿಲು ಒದ್ದು ತೆರೆದದ್ದು ಐರನ್ ಮೇಡನ್, 2007ರ ಮಾರ್ಚ್ 17ರಂದು, ಇದೇ ಅರಮನೆ ಮೈದಾನದಲ್ಲಿ. 2008ರ ಮಾರ್ಚ್‌ನಲ್ಲಿ ಮೆಗಾಡೆತ್ ಬಂತು, ಜೊತೆಗೆ ಮೆಷಿನ್ ಹೆಡ್. 2009ರ ಫೆಬ್ರವರಿ 15ಕ್ಕೆ ಮೇಡನ್ ಮತ್ತೆ ಬಂತು. ಆ ವಿಶ್ವಯಾತ್ರೆಯಲ್ಲಿ ಬ್ಯಾಂಡನ್ನೂ ಟನ್ನುಗಟ್ಟಲೆ ಸಾಮಾನನ್ನೂ ಹೊತ್ತ ಬೋಯಿಂಗ್ 757ರ ಪೈಲಟ್ ಸೀಟಿನಲ್ಲಿ ಕೂರುತ್ತಿದ್ದವನು ಗಾಯಕ ಬ್ರೂಸ್ ಡಿಕಿನ್ಸನ್. ಎಲ್ಲ ಸರಿ, ಆದರೆ ಅವು ವರ್ಷಕ್ಕೊಂದೆರಡು ಸಿಡಿಲು. 2012ರಲ್ಲಿ ಸಿಡಿಲು ನಿಲ್ಲಲೇ ಇಲ್ಲ. ಫೆಬ್ರವರಿಗೆ ಓಪೆತ್. ಮೇಗೆ ಲ್ಯಾಂಬ್ ಆಫ್ ಗಾಡ್. ಜೂನ್‌ಗೆ ಕ್ರಿಯೇಟರ್. ಸೆಪ್ಟೆಂಬರ್‌ಗೆ ಕಾರ್ನ್. ಅಕ್ಟೋಬರ್‌ಗೆ ಸ್ಲೇಯರ್. ಡಿಸೆಂಬರ್‌ಗೆ ಗನ್ಸ್ ಎನ್ ರೋಸಸ್. ಅದು ಹಾರ್ಡ್ ರಾಕ್, ನನ್ನ ಪಟ್ಟಿಗೆ ಸೇರುವುದಿಲ್ಲ, ವಾದ ಬೇಡ.

ಇನ್ನೊಂದು ಲೆಕ್ಕ ನೋಡಿ. ಥ್ರ್ಯಾಷ್ ಮೆಟಲ್‌ನ ಮೂರು ಬಂಡೆಗಲ್ಲುಗಳು ಒಂದೇ ವರ್ಷ, 1986ರಲ್ಲಿ, ಉರುಳಿ ಬಂದವು. ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್', ಕ್ರಿಯೇಟರ್‌ನ 'ಪ್ಲೆಷರ್ ಟು ಕಿಲ್', ಸ್ಲೇಯರ್‌ನ 'ರೇನ್ ಇನ್ ಬ್ಲಡ್'. ಆ ಮೂರೂ ಬ್ಯಾಂಡುಗಳು ಬೆಂಗಳೂರಿನಲ್ಲಿ ನುಡಿಸಿದ್ದು ಒಂದು ವರ್ಷ ತುಂಬುವುದಕ್ಕೆ ಹತ್ತು ದಿನ ಬಾಕಿಯಿರುವಾಗಲೇ. ಕ್ಯಾಸೆಟ್ಟು ಕಾಪಿ ಮಾಡಿಸಿಕೊಂಡು, ಸಿ.ಡಿ. ಎರವಲು ತಂದು, ಕಾಲು ಶತಮಾನ ಕಾದ ಊರಿಗೆ ಮೂರೂ ಒಟ್ಟಿಗೆ ಬಂದು ಬಡಿದವು.

ಬಡಿಸಿಕೊಳ್ಳಲು ಮೊದಲು ಅಲ್ಲಿಗೆ ತಲುಪಬೇಕಲ್ಲ!

ನಕ್ಷೆ ಹರಡಿ. ನಂದಿನಿ ಲೇಔಟು ನಗರದ ಪಶ್ಚಿಮ ಅಂಚು. ಒಂದು ಕಡೆ ಮಹಾಲಕ್ಷ್ಮಿ ಲೇಔಟು, ಇನ್ನೊಂದು ಕಡೆ ಲಗ್ಗೆರೆ, ಪಕ್ಕಕ್ಕೇ ಹೊರವರ್ತುಲ ರಸ್ತೆ. ಮೆಟಲ್ ನಡೆಯುವುದು ಉತ್ತರದಲ್ಲಿ, ಪೂರ್ವದಲ್ಲಿ, ಊರ ಹೊರಗೆ. ಇವತ್ತಿನ ಹಸಿರು ಮಾರ್ಗದ ಮೆಟ್ರೊ ಆಗ ಇಲ್ಲ. ಪೀಣ್ಯದಿಂದ ಸಂಪಿಗೆ ರಸ್ತೆಗೆ ಮೊದಲ ರೈಲು ಓಡಿದ್ದು 2014ರ ಮಾರ್ಚ್ 1ಕ್ಕೆ. 2012ರಲ್ಲಿ ನಮ್ಮ ಕಡೆ ಇದ್ದದ್ದು ಕಂಬ, ಗುಂಡಿ, ತಗಡಿನ ಬೇಲಿ, ದೂಳು. ಯಶವಂತಪುರ ದಾಟುವುದೇ ಒಂದು ಕಾಳಗ.

ಮೇಲೆ ಗಡಿಯಾರದ ಕಾಟ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮ. ಆದ್ದರಿಂದ ಮುಖ್ಯ ಬ್ಯಾಂಡು ಎಂಟಕ್ಕೆಲ್ಲ ವೇದಿಕೆ ಹತ್ತಲೇಬೇಕು. ಸಂಜೆ ಏಳಕ್ಕೆ ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸಿಕ್ಕಿಬಿದ್ದವನ ಕಥೆ ಮುಗಿದಂತೆ.

"ಎಷ್ಟೊತ್ತಿಗೆ ಬರ್ತೀಯೋ?" ಅಮ್ಮ ಕೇಳುತ್ತಿದ್ದರು.

"ಹತ್ತಕ್ಕೆ ಮುಗಿಯತ್ತೆ ಕಣಮ್ಮ."

ಮುಗಿಯುವುದು ಹತ್ತಕ್ಕೆ, ನಿಜ. ತಲುಪುವುದು?

ಸಜ್ಜಾಗುವುದೂ ಒಂದು ವಿದ್ಯೆ. ಕಪ್ಪು ಟೀ ಶರ್ಟು, ಹಳೆಯದಿದ್ದಷ್ಟೂ ಒಳ್ಳೆಯದು, ಹರಿಯಲಿಕ್ಕೇ ಇರುವುದು. ಲೇಸು ಎರಡು ಸುತ್ತು ಬಿಗಿದ ಶೂ. ಚಪ್ಪಲಿ ಹಾಕಿ ಬಂದವನು ಬರಿಗಾಲಲ್ಲಿ ಮನೆಗೆ ಹೋಗುತ್ತಾನೆ. ಮುಳ್ಳಿನ ಬೆಲ್ಟು ಬೇಡ, ಗೇಟಿನಲ್ಲಿ ಕಿತ್ತುಕೊಳ್ಳುತ್ತಾರೆ. ನೀರಿನ ಬಾಟಲಿಯೂ ಒಳಗೆ ಬರುವುದಿಲ್ಲ. ಗೇಟಿನ ಹೊರಗೇ ಒಂದು ಲೀಟರ್ ಹೊಟ್ಟೆಗೆ ಸುರಿದುಕೊಳ್ಳಬೇಕು. ಮೊಬೈಲು ಪ್ಲಾಸ್ಟಿಕ್ ಕವರಿನಲ್ಲಿ. ವಾಪಸ್ಸಿನ ದುಡ್ಡು ಕಾಲುಚೀಲದಲ್ಲಿ.

ಇನ್ನು ಕಿವಿ. ಇಲ್ಲಿ ಹುಡುಗಾಟವಿಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕ ಹೀಗಿದೆ: 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು. ಪ್ರತಿ ಮೂರು ಡೆಸಿಬೆಲ್ ಏರಿದಂತೆ ಹೊತ್ತು ಅರ್ಧಕ್ಕಿಳಿಯುತ್ತದೆ. 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡು, 94ಕ್ಕೆ ಒಂದು. 100 ಡೆಸಿಬೆಲ್‌ಗೆ ಬರೀ ಹದಿನೈದು ನಿಮಿಷ. ಮೆಟಲ್ ಶೋನಲ್ಲಿ ಸದ್ದು ನೂರನ್ನು ದಾಟುತ್ತದೆ, ಗಂಟೆಗಟ್ಟಲೆ ದಾಟಿಯೇ ಇರುತ್ತದೆ. ಹತ್ತಿ ತುರುಕಿದರೆ ಸಾಲದು.

ದಾರಿ ತೋರಿದವನು ಪೀಣ್ಯದ ಪ್ರೆಸ್ ಶಾಪ್‌ನಲ್ಲಿ ದುಡಿಯುತ್ತಿದ್ದ ಗೆಳೆಯ. ದಿನವಿಡೀ ತಗಡು ಬಡಿಯುವ ಯಂತ್ರದ ಮುಂದೆ ನಿಲ್ಲುವವನು. ಕಾರ್ಮಿಕರು ಕಿವಿಗಿಟ್ಟುಕೊಳ್ಳುವ ಹಳದಿ ಫೋಮ್ ಪ್ಲಗ್ಗುಗಳನ್ನು ಪೀಣ್ಯದ ಅಂಗಡಿಯಿಂದ ಕೊಂಡು ತಂದ. ಬೆರಳಲ್ಲಿ ಹೊಸೆ, ತೆಳ್ಳಗೆ ಮಾಡು, ಕಿವಿ ಮೇಲಕ್ಕೆಳೆದು ತುರುಕು, ಉಬ್ಬುವವರೆಗೆ ಒತ್ತಿ ಹಿಡಿ. ಕಾರ್ಖಾನೆಯ ಈ ಪಾಠ ನಮ್ಮ ಕಿವಿಗಳನ್ನು ಉಳಿಸಿತು.

ಕಿವಿ ಉಳಿಯಿತು. ಕುತ್ತಿಗೆ, ಮೊಣಕಾಲು, ಪಕ್ಕೆಲುಬು?

ಫೆಬ್ರವರಿಯ ಓಪೆತ್ ನಮ್ಮನ್ನು ಗಾಯ ಮಾಡದೆ ಕಳಿಸಿತು. ಸ್ವೀಡನ್ನಿನ ಈ ಬ್ಯಾಂಡು ಹಿಂದಿನ ಸೆಪ್ಟೆಂಬರ್‌ನಲ್ಲಷ್ಟೇ 'ಹೆರಿಟೇಜ್' ತಂದಿತ್ತು, ಗುಡುಗುವ ಕಂಠವನ್ನು ಪೂರ್ತಿ ಬಿಟ್ಟುಕೊಟ್ಟ ಆಲ್ಬಮ್. ಹತ್ತು ನಿಮಿಷ ಸುತ್ತಿ ಸುತ್ತಿ ಏರುವ ಹಾಡು ಅವರ ರೀತಿ. ನಿಂತು ಕೇಳಬೇಕು. ಕೇಳಿದೆವು. ಚೆನ್ನಾಗಿತ್ತು. ಮುಂದೆ ಹೋಗೋಣ.

ಮೇ 26, ಶನಿವಾರ. ಲ್ಯಾಂಬ್ ಆಫ್ ಗಾಡ್. ಜಾಗ, ದೇವನಹಳ್ಳಿ ರಸ್ತೆಯ ಕ್ಲಾರ್ಕ್ಸ್ ಎಕ್ಸಾಟಿಕಾ ರೆಸಾರ್ಟು. ನಂದಿನಿ ಲೇಔಟಿನಿಂದ ಹೊರಟರೆ ನಗರ ಮುಗಿದು, ಯಲಹಂಕ ಮುಗಿದು, ಇನ್ನೂ ಹೋಗುತ್ತಲೇ ಇರಬೇಕು.

ಮಟಮಟ ಮಧ್ಯಾಹ್ನ ಹೊರಟೆವು. ಗೊರಗುಂಟೆಪಾಳ್ಯ, ಬಿಇಎಲ್ ವೃತ್ತ, ಹೆಬ್ಬಾಳ. ಅಲ್ಲಿಂದಾಚೆಗೆ ವಿಮಾನ ನಿಲ್ದಾಣದ ಎತ್ತರದ ರಸ್ತೆಯ ಕಾಮಗಾರಿ. ಹೆದ್ದಾರಿಯ ಹೊಟ್ಟೆ ಸೀಳಿ ಕಂಬ ನೆಡುತ್ತಿದ್ದರು. ಬಸ್ಸು ಬಲಕ್ಕೆ ಹೊರಳಿತು, ಎಡಕ್ಕೆ ಹೊರಳಿತು, ನಿಂತಿತು, ತೆವಳಿತು. ದೂಳು ಕಿಟಕಿಯಿಂದ ನುಗ್ಗಿ ಕಪ್ಪಂಗಿಗಳನ್ನು ಬೂದಿ ಮಾಡಿತು. ಬಸ್ಸಿನಲ್ಲಿ ನಮ್ಮಂಥದೇ ಅಂಗಿಯವರು ಇನ್ನಷ್ಟು ಮಂದಿ ಕಂಡರು. ಹೊಸಬರಲ್ಲ, ಅರಮನೆ ಮೈದಾನದ ಹಳಬರು. 2010ರ ಮೇ 15ರಂದು ಇದೇ ಬ್ಯಾಂಡು ಅಲ್ಲಿ ನುಡಿಸಿದಾಗ ಮುಂದಿನ ಸಾಲಿನಲ್ಲಿದ್ದವರು. ಆ 2010ರ ತಾರೀಕನ್ನು ನೆನಪಿಟ್ಟುಕೊಳ್ಳಿ.

ಇಳಿದೆವು. ನಡೆದೆವು. ನೀರು ಸುರಿದುಕೊಂಡೆವು. ಗೇಟು ದಾಟಿದೆವು.

ರ‍್ಯಾಂಡಿ ಬ್ಲೈತ್ ವೇದಿಕೆಗೆ ನಡೆದು ಬರುವುದಿಲ್ಲ, ಎರಗುತ್ತಾನೆ. ತೆಳ್ಳಗೆ, ಉದ್ದಕ್ಕೆ, ಜಡೆಗಟ್ಟಿದ ಕೂದಲು, ಎದೆಯ ತಳದಿಂದ ಹೊರಡುವ ಆರ್ಭಟ. ಹಿಂದೆ ಕ್ರಿಸ್ ಆಡ್ಲರ್‌ನ ಡಬಲ್ ಬೇಸ್, ಎರಡೂ ಕಾಲಿಂದ ಎಡೆಬಿಡದೆ ಬೀಳುವ ಏಟು. ಮೊದಲ ಹಾಡಿಗೇ ಜನರ ನಡುವೆ ಬಿರುಕು ಬಿಟ್ಟಿತು. ಬಿರುಕು ಅಗಲವಾಯಿತು. ದುಂಡಗಾಯಿತು. ಪಿಟ್ ತೆರೆಯಿತು.

ಹೊರಗಿನವರಿಗೆ ಅದು ಹೊಡೆದಾಟ. ಒಳಗಿಳಿದವರಿಗೆ ಅಲ್ಲಿ ಕಾನೂನಿದೆ. ಮುಷ್ಟಿ ಎತ್ತಬೇಡ. ಭುಜದಿಂದ ತಳ್ಳು, ಮೊಣಕೈಯಿಂದ ಬೇಡ. ಬಿದ್ದವನನ್ನು ಎತ್ತು, ಮೊದಲು ಎತ್ತು, ಆಮೇಲೆ ಮಿಕ್ಕಿದ್ದು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪಿಟ್‌ಗಳ ವಿಡಿಯೊಗಳನ್ನು ಅಳೆದು 2013ರಲ್ಲಿ ಪ್ರಬಂಧ ಪ್ರಕಟಿಸಿದರು. ಒಳಗಿನ ಜನರ ವೇಗದ ಹಂಚಿಕೆ ಅನಿಲದ ಕಣಗಳದರಂತೆಯೇ ಇದೆ ಎಂದರು. ಸುತ್ತು ಹೊಡೆಯುವ ಸರ್ಕಲ್ ಪಿಟ್‌ಗಳಲ್ಲಿ ನೂರಕ್ಕೆ ತೊಂಬತ್ತೈದು ಗಡಿಯಾರದ ವಿರುದ್ಧ ದಿಕ್ಕಿಗೇ ಸುತ್ತುತ್ತವೆ ಎಂದೂ ಕಂಡರು. ನಾವು ಅದನ್ನು ಓದುವ ಮೊದಲೇ ಹಾಗೇ ಸುತ್ತಿದ್ದೆವು, ಒರಳಲ್ಲಿ ಸಿಕ್ಕ ಉದ್ದಿನ ಹಾಗೆ.

'ಲೇಯ್ಡ್ ಟು ರೆಸ್ಟ್'. ಸುತ್ತಿನ ವೇಗ ಏರಿತು. ಪ್ರೆಸ್ ಶಾಪ್ ಗೆಳೆಯನ ಕಾಲು ತೊಡರಿತು. ಅವನು ಬಿದ್ದ.

ಹಿಂದಿನಿಂದ ನೂರಾರು ಮಂದಿ ಓಡಿ ಬರುತ್ತಿದ್ದಾರೆ. ಕೈ ನೆಲಕ್ಕೆ ಊರಿದ, ಜಾರಿತು. ಕೂಗಿದ, ಕೇಳಿಸದು. ಒಂದು ಬೂಟು ಅವನ ತಲೆಯ ಪಕ್ಕಕ್ಕೇ ಬಿತ್ತು. ಇನ್ನೊಂದು ಬರುತ್ತಿತ್ತು.

"ಎತ್ರೋ! ಎತ್ರೋ!"

ನಾಲ್ಕು ಕೈ ಇಳಿದವು. ಯಾರದೋ ಏನೋ. ಒಂದು ಕಂಕುಳಿಗೆ, ಒಂದು ಬೆಲ್ಟಿಗೆ, ಎರಡು ಅಂಗಿಗೆ. ಅಂಗಿ ಹರಿಯಿತು, ಮನುಷ್ಯ ಮೇಲೆದ್ದ. ಎತ್ತಿದವರು ಮುಖ ಕೂಡ ನೋಡದೆ ಓಡಿ ಮುಂದಾದರು. ಅವನು ಎರಡು ಉಸಿರು ಎಳೆದುಕೊಂಡ. ಮತ್ತೆ ನುಗ್ಗಿದ. ಒಂದು ಶೂ ಅಲ್ಲೇ ಉಳಿಯಿತು.

ಹತ್ತಕ್ಕೆ ಶೋ ಮುಗಿಯಿತು. ಮುಖ್ಯರಸ್ತೆಗೆ ಬಂದಾಗ ಬಸ್ಸಿಲ್ಲ. ಬಂದವು ನಿಲ್ಲಲಿಲ್ಲ. ಆಟೊ ಕೇಳಿದ ದುಡ್ಡು ನಮ್ಮೆಲ್ಲರ ಕಾಲುಚೀಲ ಕೊಡವಿದರೂ ಇರಲಿಲ್ಲ. ಹೆಬ್ಬಾಳಕ್ಕೇ ಹದಿನೈದು ಕಿಲೊಮೀಟರ್‌ಗೂ ಹೆಚ್ಚು. ಒಬ್ಬನಿಗೆ ಒಂದೇ ಶೂ. ನಡೆಯತೊಡಗಿದೆವು. ಲಾರಿಗಳು ಮೈಗೆ ತಾಗುವಂತೆ ಹಾದುಹೋದವು.

ಆಗ ಹೊಳೆಯಿತು. ಈ ಹೊತ್ತಿನಲ್ಲಿ ಚಿಕ್ಕಬಳ್ಳಾಪುರದ ಕಡೆಯಿಂದ ಇಳಿಯುವ ತರಕಾರಿ ಲಾರಿಗಳು ಎಲ್ಲಿಗೆ ಹೋಗುತ್ತವೆ? ಒಂದಷ್ಟು ಕಲಾಸಿಪಾಳ್ಯಕ್ಕೆ. ಒಂದಷ್ಟು ಯಶವಂತಪುರಕ್ಕೆ. ಯಶವಂತಪುರ ಅಂದರೆ ಮನೆಬಾಗಿಲು! ಕೈ ಅಡ್ಡ ಹಾಕಿದೆವು. ಒಂದು ಹೋಯಿತು. ಇನ್ನೊಂದು ಹೋಯಿತು. ಮೂರನೆಯದರ ಬ್ರೇಕು ಕಿರುಚಿತು.

"ಅಣ್ಣಾ, ಯಶವಂತಪುರ ಯಾರ್ಡಾ?"

ಡ್ರೈವರು ಟಾರ್ಚು ಹಾಕಿ ನೋಡಿದರು. ಹರಿದ ಅಂಗಿ, ಕೆದರಿದ ಕೂದಲು, ಎದೆಯ ಮೇಲೆ ಬುರುಡೆಯ ಚಿತ್ರ.

"ಏನ್ರಪ್ಪಾ, ಗಲಾಟೆ ಮಾಡ್ಕೊಂಡು ಬಂದ್ರಾ?"

"ಇಲ್ಲಣ್ಣ, ಹಾಡು ಕೇಳಕ್ಕೆ ಹೋಗಿದ್ವಿ."

ಒಂದು ಕ್ಷಣ ಎಂಜಿನ್ ಮಾತ್ರ ಗುರುಗುಟ್ಟಿತು. "ಹಿಂದೆ ಹತ್ಕೊಳಿ. ಟೊಮೇಟೊ ಕ್ರೇಟ್ ಮೇಲೆ ಕೂತ್ಕೋಬೇಡಿ, ಹಗ್ಗ ಹಿಡ್ಕೊಂಡು ನಿಂತ್ಕೊಳಿ."

ನಿಂತೆವು. ಹೆಬ್ಬಾಳದ ಮೇಲ್ಸೇತುವೆಯ ಗಾಳಿಗೆ ಬೆವರು ಒಣಗಿತು.

ನಾವು ಕ್ಷೇಮವಾಗಿ ಮನೆ ಸೇರಿದೆವು. ರ‍್ಯಾಂಡಿ ಬ್ಲೈತ್ ಸೇರಲಿಲ್ಲ. ಬೆಂಗಳೂರಿನಲ್ಲಿ ಹಾಡಿ ಮೂವತ್ತೆರಡು ದಿನಕ್ಕೆ, ಜೂನ್ 27ರಂದು, ಪ್ರಾಗ್ ವಿಮಾನ ನಿಲ್ದಾಣದಲ್ಲಿ ಜೆಕ್ ಪೊಲೀಸರು ಅವನನ್ನು ಹಿಡಿದರು.

2010ರ ತಾರೀಕು ಈಗ ತೆಗೆಯಿರಿ. ಮೇ 15ಕ್ಕೆ ಅರಮನೆ ಮೈದಾನ. ಒಂಬತ್ತೇ ದಿನದ ಮೇಲೆ, ಮೇ 24ಕ್ಕೆ, ಪ್ರಾಗ್‌ನ ಸಣ್ಣದೊಂದು ಕ್ಲಬ್ಬು. ಅಲ್ಲಿ ವೇದಿಕೆಯಿಂದ ಕೆಳಗೆ ಬಿದ್ದ ಹತ್ತೊಂಬತ್ತರ ಹುಡುಗನೊಬ್ಬ ತಲೆಗೆ ಪೆಟ್ಟಾಗಿ ಮುಂದೆ ತೀರಿಕೊಂಡಿದ್ದ. ಆರೋಪ ಗಾಯಕನ ಮೇಲೆ. ಐದು ವಾರ ಪಾಂಕ್ರಾಟ್ಸ್ ಜೈಲು. ಜಾಮೀನು ಕಟ್ಟಿ ಅಮೆರಿಕಕ್ಕೆ ಮರಳಿದವನು ಅಲ್ಲೇ ಉಳಿದುಬಿಡಬಹುದಿತ್ತು. ಉಳಿಯಲಿಲ್ಲ. ಹುಡುಗನ ಮನೆಯವರಿಗೆ ಉತ್ತರ ಸಿಗಬೇಕೆಂದು ವಿಚಾರಣೆಗೆ ತಾನಾಗಿ ವಾಪಸ್ ಹೋದ. 2013ರ ಮಾರ್ಚ್‌ನಲ್ಲಿ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿತು. ಅಭಿಮಾನಿಗಳ ಬಗ್ಗೆ ಎಂದು ಶುರುವಾಗಿದ್ದ ಬ್ಯಾಂಡಿನ ಸಾಕ್ಷ್ಯಚಿತ್ರ 'ಆಸ್ ದಿ ಪ್ಯಾಲೇಸಸ್ ಬರ್ನ್' ಆ ಕಟಕಟೆಯ ಕಥೆಯಾಗಿ 2014ರಲ್ಲಿ ಹೊರಬಂತು. ನಮ್ಮ ಗೆಳೆಯನನ್ನು ಎತ್ತಿದ ಆ ನಾಲ್ಕು ಕೈಗಳು ನನಗೆ ಇವತ್ತಿಗೂ ಆ ವರ್ಷದ ಅತಿ ದೊಡ್ಡ ಸಾಹಸ.

ಪ್ರಾಗ್‌ನ ಸುದ್ದಿ ಬರುವ ಮೊದಲೇ ಇನ್ನೊಂದು ಕಾಳಗ ಮುಗಿದಿತ್ತು.

ಜೂನ್ 16. ಬೆಂಗಳೂರು ಓಪನ್ ಏರ್, ಮೊದಲ ವರ್ಷ. ಉತ್ತರ ಜರ್ಮನಿಯ ವಾಕನ್ ಎಂಬ ಪುಟ್ಟ ಹಳ್ಳಿಯಲ್ಲಿ ಪ್ರತಿ ಬೇಸಿಗೆಗೆ ಜಗತ್ತಿನ ಮೆಟಲ್ ಜನ ಸೇರುತ್ತಾರಲ್ಲ, ಆ ಜಾತ್ರೆಯ ನಂಟಿನಲ್ಲಿ ಹುಟ್ಟಿದ ಉತ್ಸವ. ನಂಟು ಹಳೆಯದು: ಬೆಂಗಳೂರಿನ ಎಕ್ಸೆಂಟ್ರಿಕ್ ಪೆಂಡ್ಯುಲಮ್ 2011ರಲ್ಲೇ ವಾಕನ್ ವೇದಿಕೆ ಹತ್ತಿತ್ತು. 1998ರಲ್ಲಿ ಹುಟ್ಟಿದ ನಮ್ಮ ಕ್ರಿಪ್ಟೋಸ್ 2013ರಲ್ಲಿ ಹತ್ತಲಿತ್ತು. ಈ ಹುಡುಗರು ಕೆಲಸ ಮುಗಿಸಿ ಬಾಡಿಗೆ ಕೋಣೆಗಳಲ್ಲಿ ತಾಲೀಮು ಮಾಡಿ, ಸ್ವಂತ ದುಡ್ಡು ಸುರಿದು, ಗಿಟಾರು ಬೆನ್ನಿಗೆ ಕಟ್ಟಿಕೊಂಡು ಯೂರೋಪು ಸುತ್ತಿದವರು. ಅವರ ಮುಂದೆ ನಮ್ಮ ಬಸ್ಸಿನ ಪಾಡು ಏನೇನೂ ಅಲ್ಲ.

ಇದು ದಿನವಿಡೀ ನಿಲ್ಲುವ ಪರೀಕ್ಷೆ. ಒಂದು ಬ್ಯಾಂಡು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಕೂತರೆ ಮುಂದಿನ ಸಾಲು ಹೋಯಿತು. ನೀರು ಕುಡಿಯಲು ಹೋದರೆ ಹೋಯಿತು. ಸರದಿಯ ಮೇಲೆ ಜಾಗ ಕಾಯ್ದೆವು. ಒಬ್ಬ ಬ್ಯಾರಿಕೇಡ್ ತಬ್ಬಿ ಹಿಡಿಯುವುದು, ಮಿಕ್ಕವರು ನುಸುಳಿ ಹೋಗಿ ನುಸುಳಿ ಬರುವುದು. ಬಿಸ್ಕತ್ತಿನ ಪೊಟ್ಟಣ ಕೈಯಿಂದ ಕೈಗೆ ಹೋಗಿ ಅಪರಿಚಿತರ ಬಾಯಲ್ಲಿ ಮುಗಿಯಿತು. ಸಂಜೆಯಾಗುವ ಹೊತ್ತಿಗೆ ಮೊಣಕಾಲು ನಡುಗುತ್ತಿದ್ದವು.

ಆಮೇಲೆ ಎಸೆನ್ ನಗರದ ಕ್ರಿಯೇಟರ್. ಹೊಸ ಆಲ್ಬಮ್ 'ಫ್ಯಾಂಟಮ್ ಆಂಟಿಕ್ರೈಸ್ಟ್' ಹೊರಬಂದು ಹದಿನೈದು ದಿನ. ಕಲ್ಲಿದ್ದಲು ಉಕ್ಕಿನ ರೂರ್ ಕಣಿವೆಯ ಮಕ್ಕಳು, ಗಿಟಾರನ್ನು ಗರಗಸದಂತೆ ಹಿಡಿದವರು. ಮಿಲ್ಲೆ ಪೆಟ್ರೊಜ್ಜಾ ಬಾಯಿ ತೆರೆದ ಕ್ಷಣ ನಡುಗುತ್ತಿದ್ದ ಮೊಣಕಾಲು ಓಡತೊಡಗಿದವು. ಎಲ್ಲಿತ್ತೋ ಆ ಕಸುವು! ಆ ರಾತ್ರಿ ಬ್ಯಾಂಡಿಗಿಂತ ಮೊದಲು ಸುಸ್ತಾದವರು ನಮ್ಮಲ್ಲಿ ಯಾರೂ ಇಲ್ಲ.

ಎದುರಿಗಿದ್ದದ್ದು ಆಗಸ್ಟ್. ಅದಕ್ಕೆ ಯಾರೂ ಸಜ್ಜಾಗಿರಲಿಲ್ಲ.

ಬೆಂಗಳೂರಿನ ಮೆಟಲ್ ಮೈದಾನವನ್ನು ಬಲ್ಲವರಿಗೆ ಗೊತ್ತು, ಮುಂದಿನ ಸಾಲಿನಲ್ಲಿ ಅರ್ಧ ಮುಖಗಳು ಈಶಾನ್ಯದವು. ನಾಗಾಲ್ಯಾಂಡ್, ಮಣಿಪುರ, ಮಿಜೋರಂ, ಮೇಘಾಲಯ, ಅಸ್ಸಾಂ. ರಾಕ್ ಅವರಿಗೆ ಮನೆಯ ಸಂಗೀತ. ಪ್ರತಿ ಹಾಡಿನ ಪ್ರತಿ ಸಾಲು ಬಾಯಿಪಾಠ. ಗಿಟಾರಿನ ತಂತಿ ಹರಿದರೆ ಕಟ್ಟಿಕೊಡುವವರು, ಪಿಟ್‌ನಲ್ಲಿ ಬಿದ್ದರೆ ಎತ್ತುವವರು. 2012ರ ಆಗಸ್ಟ್ ಮಧ್ಯದಲ್ಲಿ ವದಂತಿ ಹಬ್ಬಿತು. ದಾಳಿಯಾಗುತ್ತದೆ ಎಂದು ಮೊಬೈಲಿಂದ ಮೊಬೈಲಿಗೆ ಹಾರಿತು. ಮೂರ್ನಾಲ್ಕು ದಿನದಲ್ಲಿ ಸಾವಿರ ಸಾವಿರ ಜನ ಮೆಜೆಸ್ಟಿಕ್‌ನ ರೈಲು ನಿಲ್ದಾಣಕ್ಕೆ ನುಗ್ಗಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಪ್ಲಾಟ್‌ಫಾರಂ ತುಂಬ ಬ್ಯಾಗು, ಹಾಸಿಗೆ, ಗಿಟಾರಿನ ಚೀಲ.

ಸೆಪ್ಟೆಂಬರ್‌ನಲ್ಲಿ ಕಾರ್ನ್ ಬಂತು. ಏಳು ತಂತಿಯ ಗಿಟಾರು, ಕೆಳಗಿನ ತಂತಿ 55 ಹರ್ಟ್ಸ್‌ಗೆ ಇಳಿಸಿ ಬಿಗಿದದ್ದು. ಅದರ ಜೊತೆ ಬೇಸ್ ಇನ್ನೂ ಒಂದು ಸ್ಥಾಯಿ ಕೆಳಗೆ, 27.5 ಹರ್ಟ್ಸ್. ಆ ಸ್ವರ ಕಿವಿಗಿಂತ ಮೊದಲು ಹೊಟ್ಟೆಗೆ ಕೇಳಿಸುತ್ತದೆ. ಚೆನ್ನಾಗಿ ನಡುಗಿಸಿತು. ನಮ್ಮ ಕಣ್ಣು ಮಾತ್ರ ಮುಂದಿನ ಸಾಲಿನ ಮೇಲೆ. ಯಾರು ಮರಳಿದ್ದಾರೆ? ಯಾರು ಇಲ್ಲ?

ಅಕ್ಟೋಬರ್ ಆರಕ್ಕೆ ಕಾವೇರಿಗಾಗಿ ಕರ್ನಾಟಕ ಬಂದ್. ರಸ್ತೆ ಖಾಲಿ, ಅಂಗಡಿ ಮುಚ್ಚು, ಬಸ್ಸು ಡಿಪೊದಲ್ಲಿ. ಇನ್ನು ಹದಿನಾಲ್ಕು ದಿನಕ್ಕೆ ಸ್ಲೇಯರ್. ನಡೆಯುತ್ತದಾ? ಗುಡಗಾಂವ್ ಮತ್ತೆ ಕಣ್ಣಮುಂದೆ ಬಂದು ನಿಂತಿತು.

ನಡೆಯಿತು. ಅಕ್ಟೋಬರ್ 20, ಶನಿವಾರ, ಥಣಿಸಂದ್ರ ರಸ್ತೆಯಾಚೆಯ ಭಾರತೀಯ ಸಿಟಿ. ಆಗಿನ್ನೂ ಕಟ್ಟಡಗಳಿಗಿಂತ ಬಯಲೇ ಹೆಚ್ಚು. ಮತ್ತೆ ಹೊರವರ್ತುಲ ರಸ್ತೆ, ಮತ್ತೆ ಹೆಬ್ಬಾಳ, ಅಲ್ಲಿಂದ ನಾಗವಾರ, ಎಡಕ್ಕೆ ಥಣಿಸಂದ್ರ. ನಾಗವಾರದಲ್ಲಿ ಬಸ್ಸು ಕಲ್ಲಾಯಿತು. ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು. ಇಳಿದು ಓಡಿದೆವು. ಟ್ರ್ಯಾಕ್ಟರು, ಟ್ಯಾಂಕರು, ಎಮ್ಮೆ, ಚರಂಡಿ ಎಲ್ಲ ದಾಟಿ ಓಡಿದೆವು. ಓಡುತ್ತಿದ್ದವರು ನಾವಷ್ಟೇ ಅಲ್ಲ. ರಸ್ತೆಯ ಎರಡೂ ಬದಿ ಕಪ್ಪಂಗಿಗಳು. ಏದುಸಿರು ಬಿಡುತ್ತ ಪಕ್ಕ ಓಡುತ್ತಿದ್ದವನ ಮುಖ ನೋಡಿದೆ. ಜೂನ್‌ನಲ್ಲಿ ನಮ್ಮ ಬಿಸ್ಕತ್ತು ತಿಂದ ಕೊಹಿಮಾದ ಹುಡುಗ!

"ವಾಪಸ್ ಬಂದ್ಯಾ?"

"ಸ್ಲೇಯರ್ ಮಗಾ!" ಎಂದ. ಕನ್ನಡದಲ್ಲಿ 'ಮಗಾ' ಅನ್ನುವುದನ್ನು ಅವನು ಇಲ್ಲೇ ಕಲಿತಿದ್ದ. ಓಡುತ್ತಲೇ ಇದ್ದ.

ವೇದಿಕೆಗೆ ಬಂದ ನಾಲ್ವರ ಮೈಮೇಲಿದ್ದ ಗಾಯದ ಲೆಕ್ಕ ನೋಡಿ. ಹಾಡುಗಾರ ಟಾಮ್ ಅರಾಯಾ: ದಶಕಗಳ ಕಾಲ ತಲೆ ಕೊಡವಿ ಕೊಡವಿ ಕುತ್ತಿಗೆಯ ಮೂಳೆ ಸವೆದು 2010ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆ. ಇನ್ನು ಜನ್ಮದಲ್ಲಿ ತಲೆ ಕೊಡವುವಂತಿಲ್ಲ. ಗಿಟಾರ್‌ನ ಜೆಫ್ ಹ್ಯಾನೆಮನ್ ಅಲ್ಲಿ ಇರಲೇ ಇಲ್ಲ: 2011ರ ಆರಂಭದಲ್ಲಿ ತೋಳಿಗೆ ಮಾಂಸ ಕೊಳೆಸುವ ಸೋಂಕು ತಗುಲಿತ್ತು, ಜೇಡ ಕಚ್ಚಿದ್ದರಿಂದ ಎಂದರು. ಅವನ ಜಾಗಕ್ಕೆ ನಿಂತವನು ಎಕ್ಸೋಡಸ್ ಬ್ಯಾಂಡಿನ ಗ್ಯಾರಿ ಹೋಲ್ಟ್. ಗೆಳೆಯ ಎದ್ದು ಬರುವವರೆಗೆ ಜಾಗ ಕಾಯಲು ಬಂದವನು. ಇನ್ನೊಂದು ಕಡೆ ಕೆರ್ರಿ ಕಿಂಗ್, ಬೋಳು ತಲೆ, ಉದ್ದ ಗಡ್ಡ. ಹಿಂದೆ ಡೇವ್ ಲೊಂಬಾರ್ಡೊ, ಡಬಲ್ ಬೇಸ್ ನುಡಿಸುವವರಿಗೆಲ್ಲ ಗುರು.

'ರೇನ್ ಇನ್ ಬ್ಲಡ್' ಆಲ್ಬಮ್‌ನಲ್ಲಿ ಹತ್ತು ಹಾಡು. ಒಟ್ಟು ಹೊತ್ತು ಇಪ್ಪತ್ತೊಂಬತ್ತು ನಿಮಿಷಕ್ಕೂ ಕಡಿಮೆ. 'ಏಂಜೆಲ್ ಆಫ್ ಡೆತ್' ಓಡುವುದು ನಿಮಿಷಕ್ಕೆ ಇನ್ನೂರು ದಾಟಿದ ಬಡಿತದಲ್ಲಿ. ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ತಲೆ ಕೊಡವುವುದರ ಅಪಾಯವನ್ನು ಅಳೆದಿದ್ದರು: ಸಾಮಾನ್ಯ ಹಾಡಿನ ವೇಗ ನಿಮಿಷಕ್ಕೆ 146 ಬಡಿತ, ಆ ವೇಗಕ್ಕೆ ತಲೆ 75 ಡಿಗ್ರಿಗಿಂತ ಹೆಚ್ಚು ಬಾಗಿದರೆ ತಲೆನೋವು, ಸುತ್ತು. ಇನ್ನೂರಕ್ಕೆ? ಉಪಾಯ ಹೂಡಿದೆವು. ಪ್ರತಿ ಏಟಿಗೂ ಬೇಡ, ಒಂದು ಬಿಟ್ಟು ಒಂದಕ್ಕೆ. ಕುತ್ತಿಗೆಯಿಂದ ಬೇಡ, ಸೊಂಟದಿಂದ. ಕೈ ಮುಂದಿನವನ ಭುಜದ ಮೇಲೆ, ಕಾಲು ಅಗಲ.

ಏಟು ಬಿತ್ತು. ಉಪಾಯ ಹಾರಿಹೋಯಿತು.

ಲೊಂಬಾರ್ಡೊನ ಕಾಲು ಕಾಣುವುದಿಲ್ಲ, ಅದರ ಫಲ ಕಾಣುತ್ತದೆ: ಪ್ಯಾಂಟಿನ ಬಟ್ಟೆ ಅದುರುತ್ತದೆ, ನೆಲದ ದೂಳು ಏಳುತ್ತದೆ. ಹೋಲ್ಟ್ ಬೇರೊಬ್ಬನ ರಿಫ್‌ಗಳನ್ನು ತನ್ನ ಮೈಯ ಗಾಯದಂತೆ ನುಡಿಸಿದ. ಅರಾಯಾ ತಲೆ ಅಲ್ಲಾಡಿಸದೆ ನಿಂತ, ಕಂಬದಂತೆ, ಮುಗುಳ್ನಗುತ್ತ. ಅವನ ಪರವಾಗಿ ಇಡೀ ಬಯಲು ತಲೆ ಕೊಡವಿತು. ಪಿಟ್ ಒಂದಲ್ಲ, ಎರಡಲ್ಲ, ಕತ್ತಲಲ್ಲಿ ಅಲ್ಲಲ್ಲಿ ತೆರೆದು ಒಂದನ್ನೊಂದು ನುಂಗಿದವು. ಬ್ಯಾರಿಕೇಡ್ ಒಮ್ಮೆ ಕಿರ್ರೆಂದು ಬಾಗಿತು. ಮುಂದಿನ ಸಾಲು ಉಸಿರು ಹಿಡಿಯಿತು. ಹಿಂದಿನವರು ಕೈ ಎತ್ತಿ ಜನರನ್ನು ಹಿಂದಕ್ಕೆ ಒತ್ತಿದರು. ಬಾಗಿದ್ದು ನೆಟ್ಟಗಾಯಿತು. 'ರೈನಿಂಗ್ ಬ್ಲಡ್' ಸುರಿಯಿತು.

ಆ ನಾಲ್ವರನ್ನು ಆ ರೂಪದಲ್ಲಿ ನೋಡುವ ಹೊತ್ತು ಬೇಗ ಮುಗಿಯಿತು. 2013ರ ಫೆಬ್ರವರಿಗೆ ಲೊಂಬಾರ್ಡೊ ಬ್ಯಾಂಡಿನಿಂದ ಹೊರಗೆ. ಮೇ 2ಕ್ಕೆ ಹ್ಯಾನೆಮನ್ ತೀರಿಕೊಂಡ, ನಲವತ್ತೊಂಬತ್ತರ ವಯಸ್ಸಿಗೆ. ಜಾಗ ಕಾಯಲು ಬಂದ ಹೋಲ್ಟ್ ಅಲ್ಲೇ ನಿಂತ, 2019ರ ವಿದಾಯದ ಶೋವರೆಗೂ. ನನ್ನ ಪಟ್ಟಿಯಲ್ಲಿ ಸ್ಲೇಯರ್ ಮೊದಲು, ಲ್ಯಾಂಬ್ ಆಫ್ ಗಾಡ್ ಎರಡನೆಯದು, ಕ್ರಿಯೇಟರ್ ಮೂರನೆಯದು. ಪ್ರೆಸ್ ಶಾಪ್ ಗೆಳೆಯ ಕ್ರಿಯೇಟರ್ ಮೊದಲು ಅನ್ನುತ್ತಾನೆ.

ಆ ವಾದ ಶುರುವಾದದ್ದು ಅದೇ ರಾತ್ರಿ, ಹೆಬ್ಬಾಳದಲ್ಲಿ, ಲಾರಿಯೂ ಇಲ್ಲ ಬಸ್ಸೂ ಇಲ್ಲ ಎಂದು ಖಾತ್ರಿಯಾದ ಮೇಲೆ. ಗೊರಗುಂಟೆಪಾಳ್ಯಕ್ಕೆ ಹೆಚ್ಚುಕಡಿಮೆ ಎಂಟು ಕಿಲೊಮೀಟರ್. ನಡೆದೆವು. ಕುವೆಂಪು ವೃತ್ತದಲ್ಲಿ ಅವನು ಡ್ರಮ್ಮಿನ ವಿಷಯ ಎತ್ತಿದ. ಬಿಇಎಲ್ ವೃತ್ತದಲ್ಲಿ ನಾನು ಗಿಟಾರಿನ ವಿಷಯ ಎತ್ತಿದೆ. ಗೊರಗುಂಟೆಪಾಳ್ಯದಲ್ಲಿ ನಾಯಿಗಳು ಅಟ್ಟಿಸಿಕೊಂಡು ಬಂದವು, ಸೋತ ಕಾಲುಗಳು ಮತ್ತೆ ಓಡಿದವು. ಕಂಠೀರವ ಸ್ಟುಡಿಯೊ, ಅಣ್ಣಾವ್ರ ಸಮಾಧಿ ದಾಟಿತು. ಲಗ್ಗೆರೆ ಸೇತುವೆ ಕಂಡಿತು. ಮನೆ ಮುಟ್ಟಿದರೆ ಮೆಟ್ಟಿಲ ಬಳಿ ಬೀಗ ಬಿದ್ದಿತ್ತು. ಪಕ್ಕದ ಕಾಂಪೌಂಡು ಐದಡಿ ಎತ್ತರ, ಮೇಲೆ ಗಾಜಿನ ಚೂರು. ಹರಿದ ಅಂಗಿ ತೆಗೆದು ಗಾಜಿನ ಮೇಲೆ ಮಡಿಚಿ ಹಾಕಿದೆ, ಗೆಳೆಯ ಕಾಲಿಗೆ ಅಂಗೈ ಕೊಟ್ಟ. ಹಾರಿದೆ.